ರಟ್ಟಿನ ಪಟ್ಟಿಯ ಕೆಳಗೆ

ಶಾಲೆಯ ಕಚೇರಿಗೆ ಬಂದಿದ್ದ ಆ ತಾಯಿ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಪೇಟೆಯ ಹಿಂದಿನ ಓಣಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವರು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯದೊಂದು ಸುಟ್ಟ ಕಲೆ. ಕೆಲಸ ಅರ್ಧಕ್ಕೆ ಬಿಟ್ಟು ಬಂದ ಅವಸರ ಅವರು ನಿಂತ ರೀತಿಯಲ್ಲೇ ಕಾಣುತ್ತಿತ್ತು.

"ಮಗಳ ಹೆಸರು ತೆಗೆಸ್ಕೊಂಡು ಹೋಗೋಣ ಅಂತ ಬಂದೆ. ಏನು ಬರ್ಕೊಡ್ಬೇಕು ಹೇಳಿ."

ಗುಮಾಸ್ತೆ ಕೈಲಿದ್ದ ಪೆನ್ನು ಕೆಳಗಿಟ್ಟಳು. "ಹತ್ತನೇ ಕ್ಲಾಸಿನ ನಡುವೇನಾ ಅಕ್ಕ? ಪರೀಕ್ಷೆಗೆ ಇನ್ನು ನಾಲ್ಕು ತಿಂಗಳೂ ಇಲ್ಲ."

"ನಾನೇನು ಬಿಡಿಸ್ತಿಲ್ಲಮ್ಮ. ಅವಳೇ ಒಲ್ಲೆ ಅಂತಾಳೆ. ಲೆಕ್ಕ ತಲೆಗೆ ಹತ್ತಲ್ವಂತೆ. ಅಂಗಡೀಲಿ ಬಟ್ಟೆ ಮಡಚ್ತೀನಿ, ಅದಾದ್ರೂ ಬರುತ್ತೆ ಅಂತಾಳೆ. ಮೊದಲು ಹೀಗಿರಲಿಲ್ಲ. ಈ ಫೋನಿನ ಪಾಠ ಶುರುವಾದ ಮೇಲೇ ಹೀಗಾಗಿದ್ದು."

ಶಾಲೆಯಲ್ಲಿ ಕೋಣೆಗಳು ಸಾಲದೆ ಆ ವರ್ಷ ಹೊಸ ವ್ಯವಸ್ಥೆ ಮಾಡಿದ್ದರು. ಹತ್ತನೇ ತರಗತಿಯ ಮಕ್ಕಳು ಸೋಮವಾರ ಮತ್ತು ಗುರುವಾರ ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಕೇಳಬೇಕು. ಉಳಿದ ದಿನ ಶಾಲೆಗೆ ಬರಬೇಕು. ಹೀಗೆ ಹನ್ನೊಂದು ವಾರ ಕಳೆದಿತ್ತು.

ಪಕ್ಕದ ಮೇಜಿನಲ್ಲಿ ಲೆಕ್ಕದ ಮೇಷ್ಟ್ರು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದ ಅನುಭವ. ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ದುಂಡನೆ ವೃತ್ತ ಬರೆಯಬಲ್ಲರು ಎಂದು ಊರೆಲ್ಲ ಹೆಸರು. ತಾಯಿಯ ಮಾತು ಕೇಳಿ ತಲೆ ಎತ್ತಿದರು.

"ನಿಮ್ಮ ಹುಡುಗಿ ಬಾಯೇ ಬಿಡಲ್ಲಮ್ಮ. ಇಡೀ ಕ್ಲಾಸು ಅವಳನ್ನ ಮೌನಗೌರಿ ಅಂತ ಕರೆಯುತ್ತೆ. ಕೇಳಿದ್ರೆ ತಾನೆ ಹೇಳಿಕೊಡೋದು?"

ಆ ಹೆಸರಿಟ್ಟವರು ತಾವೇ ಎಂಬುದನ್ನು ಅವರು ಹೇಳಲಿಲ್ಲ.

"ಬಾಯಿ ಬಿಡಲ್ಲ ಸರ್, ನಿಜ," ಎಂದರು ತಾಯಿ. "ಆದ್ರೆ ಬರೀತಾಳಂತಲ್ಲ? ಪಾಠ ನಡೀತಿರುವಾಗಲೇ ಫೋನಲ್ಲಿ ಡೌಟು ಬರೆದು ಕಳಿಸ್ತಾಳಂತೆ. ನೀವು ಒಂದಕ್ಕೂ ಉತ್ತರ ಕೊಡಲ್ವಂತೆ."

ಮೇಷ್ಟ್ರಿಗೆ ಇದು ಹೊಸ ಸುದ್ದಿ. ಒಂದು ಕ್ಷಣ ಒಳಗೆ ಏನೋ ಅಳುಕಿತು. ಅದನ್ನು ಅಲ್ಲೇ ಅದುಮಿ ನಕ್ಕುಬಿಟ್ಟರು.

"ನೋಡಮ್ಮ, ಇಷ್ಟ ಇಲ್ಲದಿದ್ರೆ ಮಕ್ಕಳು ಏನಾದ್ರೂ ಒಂದು ಕಥೆ ಕಟ್ತಾರೆ. ನಿಮ್ಮ ಮಗಳು ಇಷ್ಟು ದಿನದಲ್ಲಿ ಒಂದಕ್ಷರ ಕೇಳಿದ್ರೆ ನನ್ನ ಕಿವಿ ಹಿಂಡಿ. ಸುಳ್ಳು ಹೇಳೋದು ಕಲಿತಿದ್ದಾಳೆ, ಸ್ವಲ್ಪ ಗಮನ ಕೊಡಿ."

ಆ ತಾಯಿ ಹೆಬ್ಬೆರಳಿನ ಕಲೆಯನ್ನು ಇನ್ನೊಂದು ಕೈಯಿಂದ ಒಮ್ಮೆ ಉಜ್ಜಿಕೊಂಡರು. ಮೇಷ್ಟ್ರು ಹೇಳಿದ್ದಾರೆ ಎಂದ ಮೇಲೆ ಮುಗಿಯಿತು, ಅವರ ಪಾಲಿಗೆ ಅದೇ ನಿಜ.

"ಹೆಡ್‌ಮಿಸ್ ರಜೆ ಮೇಲಿದಾರೆ ಅಕ್ಕ," ಎಂದಳು ಗುಮಾಸ್ತೆ. "ಅವರ ಸಹಿ ಇಲ್ದೆ ಆಗಲ್ಲ. ಶನಿವಾರ ಬನ್ನಿ."

ತಾಯಿ ಮೆಟ್ಟಿಲಿಳಿದು ಹೋದ ಮೇಲೂ ಗುಮಾಸ್ತೆ ಬಾಗಿಲ ಕಡೆಗೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಸರ್, ಪಾಠ ಮಾಡುವಾಗ ಮೆಸೇಜು ನೋಡ್ತೀರಲ್ವಾ ನೀವು?"

"ಯಾವ ಮೆಸೇಜು?"

"ಮಕ್ಕಳು ಬರೆಯೋದು."

"ಅದಕ್ಕೆಲ್ಲ ಎಲ್ಲಿ ಪುರಸೊತ್ತು. ನಾನು ಬೋರ್ಡ್ ಕಡೆ ತಿರುಗಿರ್ತೀನಿ."

"ನಿಮ್ಮ ಲ್ಯಾಪ್‌ಟಾಪ್ ಸ್ವಲ್ಪ ತನ್ನಿ ನೋಡೋಣ."

ಬೇಡ ಎನ್ನಬೇಕೆಂದುಕೊಂಡರೂ ಕಾರಣ ಹೊಳೆಯಲಿಲ್ಲ. ಪಾಠದ ಕೋಣೆಗೆ ಹೋಗಿ ತಂದರು. ಮುಚ್ಚಳ ತೆರೆದ ಗುಮಾಸ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಪರದೆಯ ಕೆಳಗಿನ ಅಂಚಿಗೆ, ಈ ತುದಿಯಿಂದ ಆ ತುದಿಯವರೆಗೆ, ಒಂದು ರಟ್ಟಿನ ಪಟ್ಟಿ ಅಂಟಿಸಿತ್ತು. ಅಂಗಿಯ ಡಬ್ಬದಿಂದ ಕತ್ತರಿಸಿದ್ದು. ಅಳತೆ ಇಟ್ಟು, ಗೆರೆ ಎಳೆದು, ಅಚ್ಚುಕಟ್ಟಾಗಿ ಮಾಡಿದ ಕೆಲಸ. ಅದರಲ್ಲಿ ಬೆರಳಗಲದ ಎರಡು ಕಿಂಡಿ.

"ಇದೇನು ಸರ್?"

"ಮೊದಲನೇ ವಾರ ಯಾವುದನ್ನೋ ಒತ್ತಿ ಇಡೀ ಪಾಠ ಕಟ್ ಆಗೋಯ್ತು. ಆಮೇಲೆ ಇದನ್ನ ಮಾಡ್ಕೊಂಡೆ. ಒಂದು ಕಿಂಡೀಲಿ ಧ್ವನಿ, ಇನ್ನೊಂದ್ರಲ್ಲಿ ಚಿತ್ರ. ಬೇರೆ ಯಾವುದೂ ಬೇಡವಲ್ಲ ನನಗೆ." ಹೇಳುವಾಗ ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಪಾಠದ ಮಧ್ಯೆ ಮೂಲೇಲಿ ಏನೋ ಮಿಂಚಿ ಹೋಗುತ್ತಿರುತ್ತೆ. ಜಾಹೀರಾತು. ಅದನ್ನ ನಾನು ನೋಡೋಕೇ ಹೋಗಲ್ಲ."

ಗುಮಾಸ್ತೆ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದಳು. ಅಂಟು ಚರ್ರನೆ ಬಿಟ್ಟುಕೊಂಡಿತು. ಕೆಳಗೆ ಸಾಲಾಗಿ ಗುಂಡಿಗಳು. ಅವುಗಳಲ್ಲೊಂದನ್ನು ತೋರಿಸಿ, "ಜಾಹೀರಾತಲ್ಲ ಸರ್ ಅದು. ಮಕ್ಕಳು ಬರೆದಿದ್ದು. ಇದನ್ನ ಒತ್ತಿದ್ರೆ ಎಲ್ಲಾ ಕಾಣುತ್ತೆ. ಹಳೇ ಪಾಠದ್ದೂ ಶಾಲೆಯ ಖಾತೇಲಿ ಉಳಿದಿರುತ್ತೆ," ಎಂದು ತೆರೆದುಕೊಟ್ಟಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು.

ಮೊದಮೊದಲು ಬೋರ್ಡಿನ ದೂರು. 'ಸರ್, ಎಡಗಡೆ ಬರೆದಿದ್ದು ಕಾಣ್ತಿಲ್ಲ.' 'ಸರ್, ಬೋರ್ಡಿನ ಮುಕ್ಕಾಲು ಭಾಗ ಮಾತ್ರ ಬರ್ತಿದೆ.' 'ಸರ್, ತಿರುಗಿದಾಗ ಮಾತು ಕೇಳಿಸಲ್ಲ.' ಒಬ್ಬ ಹುಡುಗ ಇದನ್ನೇ ಶಾಲೆಯಲ್ಲಿ ಎದ್ದು ನಿಂತು ಹೇಳಿದ್ದು ಅವರಿಗೆ ನೆನಪಾಯಿತು. 'ಹೋಗಿ ಕನ್ನಡಕ ಹಾಕಿಸ್ಕೊಳ್ಳಪ್ಪ' ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆಮೇಲೆ ಯಾರೂ ಹೇಳಿರಲಿಲ್ಲ.

ಅವುಗಳ ನಡುವೆ ಇಸ್ತ್ರಿ ಅಂಗಡಿಯ ಹುಡುಗಿಯ ಹೆಸರು. ಒಂದಲ್ಲ, ಹತ್ತೊಂಬತ್ತು ಸಲ.

'ಸರ್, ಪುಟ ಅರವತ್ನಾಲ್ಕು, ಎರಡನೇ ಲೆಕ್ಕ. ಮೈನಸ್ ಈ ಕಡೆ ಬಂದಾಗ ಪ್ಲಸ್ ಆಗಿದ್ದು ಯಾಕೆ? ಆಗುತ್ತೆ ಅಂತ ಗೊತ್ತು. ಯಾಕೆ ಅಂತ ಗೊತ್ತಿಲ್ಲ.'

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದ ಮಕ್ಕಳನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದಿತ್ತು.

'ಸರ್, ಇನ್ನೊಂದು ಸಲ ನಿಧಾನಕ್ಕೆ ಹೇಳ್ತೀರಾ?' ಅದು ಮೂರನೇ ವಾರ. 'ಸರ್, ನನ್ನ ಪ್ರಶ್ನೆ ತಪ್ಪಿದ್ದರೆ ಕ್ಷಮಿಸಿ.' ಅದು ಐದನೇ ವಾರ. ಬರಬರುತ್ತಾ ಮಾತು ಚಿಕ್ಕದಾಗುತ್ತ ಹೋಗಿತ್ತು. ಒಂಬತ್ತನೇ ವಾರದ್ದು ಒಂದೇ ಸಾಲು: 'ಇದೀನಿ ಸರ್.'

ಆ ದಿನ ಅವರಿಗೆ ಚೆನ್ನಾಗಿ ನೆನಪಿತ್ತು. 'ಮೌನಗೌರಿ ಇದ್ದಾಳೋ ನಿದ್ದೆ ಹೊಡೀತಿದ್ದಾಳೋ?' ಎಂದು ಕೇಳಿ, ಎರಡು ಕ್ಷಣ ಕಾದು, ಹಾಜರಿಯಲ್ಲಿ ಗೈರು ಎಂದು ಗುರುತು ಹಾಕಿದ್ದರು.

ಅದೇ ಕೊನೆಯದು. ಅಲ್ಲಿಂದ ಮುಂದೆ ಅವಳ ಹೆಸರಿರಲಿಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಗುಮಾಸ್ತೆ ಎದುರಿಗಿದ್ದಾಳೆ ಎಂಬುದೇ ದೊಡ್ಡ ಕಷ್ಟವಾಗಿತ್ತು.

"ಇದು ನಮ್ಮಿಬ್ಬರಲ್ಲೇ ಇರಲಮ್ಮ," ಎಂದರು ಕೊನೆಗೆ.

"ನಾನು ಯಾರಿಗೂ ಹೇಳಲ್ಲ ಸರ್. ಆದ್ರೆ ಆ ಹುಡುಗಿ ಸುಳ್ಳಿ ಅಂತ ಹೇಳಿ ಕಳಿಸಿದೀರಲ್ಲ. ಆ ಮಾತು ಈಗಾಗಲೇ ಅವರ ಮನೆ ಮುಟ್ಟಿರುತ್ತೆ."

ಮೇಷ್ಟ್ರು ಕಿತ್ತ ರಟ್ಟಿನ ಪಟ್ಟಿಯನ್ನು ಕೈಗೆತ್ತಿಕೊಂಡರು.

"ಫೋನಿನ ಪಾಠಕ್ಕೆ ಅಂತ ಟ್ರೈನಿಂಗ್ ಕೊಟ್ಟಾಗ ಇದನ್ನೆಲ್ಲ ತೋರಿಸಿದ್ರಲ್ವಾ?" ಎಂದಳು ಗುಮಾಸ್ತೆ.

"ತೋರಿಸಿದ್ರು. ಹಿಂದಿನ ಬೆಂಚಲ್ಲಿ ಕೂತಿದ್ದೆ. 'ಗೊತ್ತಾಯ್ತಾ ಸರ್' ಅಂದ್ರು. 'ಆಯ್ತಾಯ್ತು' ಅಂದೆ."

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಅರ್ಥವಾಗದೆ ತಲೆಯಾಡಿಸುವ ಮಕ್ಕಳನ್ನು ಅವರು ಎಷ್ಟು ವರ್ಷ ಬೈದಿದ್ದರು.

"ನಮಗಿಂತ ಹಿರಿಯರಾಗಿದ್ರೆ ಪರವಾಗಿರಲಿಲ್ಲ. ಕಲಿಸೋಕೆ ಬಂದವನು ನನ್ನ ಕೈಲೇ ಕಲಿತು ಹೋದ ಹುಡುಗ. ಅವನ ಮುಂದೆ ಬರಲ್ಲ ಅಂತ ಹೇಗಮ್ಮ ಹೇಳ್ಲಿ?"

"ನಾನು ಆರನೇ ಕ್ಲಾಸಿನ ಮಕ್ಕಳನ್ನ ಕೇಳಿ ಕಲಿತೆ ಸರ್. ಮೂರು ದಿನ ನನ್ನ ಹಿಂದೆ ನಗ್ತಿದ್ರು. ನಾಲ್ಕನೇ ದಿನ ನಗು ನಿಂತೋಯ್ತು. ನಗೋಕೆ ಮತ್ತೇನೂ ಸಿಗಲಿಲ್ಲ ಅವಕ್ಕೆ." ಅವಳು ಲ್ಯಾಪ್‌ಟಾಪನ್ನು ಅವರ ಕಡೆಗೆ ತಿರುಗಿಸಿದಳು. "ಬನ್ನಿ, ನೀವೇ ಒತ್ತಿ. ಕಟ್ ಆದ್ರೆ ಮತ್ತೆ ಸೇರಿಕೊಳ್ಳೋಣ. ಏನೂ ಮುರಿಯಲ್ಲ."

ಆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಏಳು ಸಲ ಅಭ್ಯಾಸದ ಪಾಠವನ್ನು ತಪ್ಪಾಗಿ ಕಟ್ ಮಾಡಿದರು. ಎಂಟನೇ ಸಲ ಮಾಡಲಿಲ್ಲ.

ಮರುದಿನ ಬುಧವಾರ ಹುಡುಗಿ ಶಾಲೆಗೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಹಿಂದಿನ ಓಣಿಗೆ ಹೊರಟರು. ಓಣಿಯ ತಿರುವಿನಲ್ಲಿ ಎರಡು ಸಲ ನಿಂತರು. ಚಪ್ಪಲಿ ರಿಪೇರಿಯವನು, "ಯಾರ ಮನೆ ಸರ್?" ಎಂದು ಕೇಳಿದ್ದರಿಂದ ಮುಂದೆ ಹೋಗಲೇಬೇಕಾಯಿತು.

ಅಂಗಡಿ, ಮನೆ ಎರಡೂ ಒಂದೇ ಕೋಣೆ. ಬಾಗಿಲಿಗೆ ಅಡ್ಡವಾಗಿ ಇಸ್ತ್ರಿಯ ಮೇಜು. ಹಿಂದೆ ಹಗ್ಗದ ಮೇಲೆ ತೂಗುಹಾಕಿದ ಅಂಗಿಗಳು. ತಂದೆ ನೀರು ಚಿಮುಕಿಸುತ್ತಾ ಗಿರಾಕಿಯೊಬ್ಬರ ಜೊತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಹೊರಗೆ ಒಂದೇ ಸಮನೆ ಹಾರ್ನು. ಹುಡುಗಿ ಮೇಜಿನ ಪಕ್ಕ ನಿಂತು ಅಂಗಿಯ ಕಾಲರು ಮಡಚುತ್ತಿದ್ದಳು. ಮೇಷ್ಟ್ರನ್ನು ಕಂಡವಳೇ ಅಂಗಿ ಕೆಳಗಿಟ್ಟು ಗೋಡೆಗೆ ಸರಿದಳು. ಬೈಸಿಕೊಳ್ಳಲು ತಯಾರಾದವಳ ಹಾಗೆ.

ತಾಯಿ ಸ್ಟೂಲು ಒರೆಸಿ ಇಟ್ಟರು. ಈ ಸಲ ಮೇಷ್ಟ್ರು ಕೂರಲಿಲ್ಲ.

"ನಿಮ್ಮ ಮಗಳು ಸುಳ್ಳು ಹೇಳಿಲ್ಲಮ್ಮ. ಹತ್ತೊಂಬತ್ತು ಸಲ ಬರೆದಿದ್ದಾಳೆ. ನಾನು ನೋಡಿಲ್ಲ. ಅದನ್ನ ಎಲ್ಲಿ ನೋಡ್ಬೇಕು ಅಂತಾನೇ ನನಗೆ ಗೊತ್ತಿರಲಿಲ್ಲ."

ತಂದೆಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಹಾಗೇ ನಿಂತಿತು. ಗಿರಾಕಿ ಬೇರೆ ಕಡೆ ನೋಡಿದ.

ತಾಯಿ ನಿಧಾನವಾಗಿ ಹೇಳಿದರು. "ನಿನ್ನೆಯಿಂದ ನಾನು ಅವಳ ಜೊತೆ ಮಾತು ಬಿಟ್ಟಿದೀನಿ ಸರ್. ನೀವು ಹೇಳಿದ್ರಿ ಅಂತ. ಬೆಳಿಗ್ಗೆ 'ಅಮ್ಮಾ' ಅಂತ ಬಂದ್ಲು. ಮುಖ ತಿರುಗಿಸ್ಕೊಂಡೆ."

ಮೇಷ್ಟ್ರು ಹುಡುಗಿಯ ಕಡೆ ತಿರುಗಿ, "ತಪ್ಪಾಯ್ತಮ್ಮ," ಎಂದರು. ತರಗತಿಯಲ್ಲಿ ಯಾವತ್ತೂ ಬಳಸದ ಮಾತು. ದನಿ ಅವರದೇ ಎನ್ನಿಸಲಿಲ್ಲ.

"ಪರವಾಗಿಲ್ಲ ಸರ್," ಎಂದಳು ಹುಡುಗಿ.

ಅವಳು ಅತ್ತಿದ್ದರೆ, ಸಿಟ್ಟಾಗಿದ್ದರೆ ಹಗುರವಾಗುತ್ತಿತ್ತೇನೋ. ಅಷ್ಟು ಬೇಗ ಸಿಕ್ಕ ಆ 'ಪರವಾಗಿಲ್ಲ' ಅವರನ್ನು ಇನ್ನಷ್ಟು ಕುಗ್ಗಿಸಿತು.

"ಶಾಲೆಗೆ ಬಂದಾಗಲಾದ್ರೂ ಯಾಕೆ ಕೇಳಲಿಲ್ಲ?"

ಅವಳು ಮುಂದೆ ಬಂದು, ಕೆಳಗಿಟ್ಟ ಅಂಗಿಯನ್ನು ಎತ್ತಿಕೊಂಡಳು. ಆಮೇಲೆ, "ನೀವು ಓದಿದೀರಿ ಅಂತ ಅಂದ್ಕೊಂಡೆ. ಉತ್ತರ ಕೊಡೋಕೂ ಲಾಯಕ್ಕಿಲ್ದಷ್ಟು ದಡ್ಡ ಪ್ರಶ್ನೆ ಅಂತ ಬಿಟ್ಟಿದೀರಿ ಅಂತ. ಎಲ್ಲರ ಮುಂದೆ ಮತ್ತೆ ಹೇಗೆ ಕೇಳೋದು?"

"ಪಾಠದಲ್ಲಿ ಮೈಕ್ ಹಾಕಿ ಮಾತಾಡಬಹುದಿತ್ತಲ್ಲ?"

ಹುಡುಗಿ ಉತ್ತರವಾಗಿ ಸುತ್ತ ಕಣ್ಣಾಡಿಸಿದಳು, ಅಷ್ಟೆ. ಹಾರ್ನು, ಗಿರಾಕಿ, ಅಪ್ಪನ ದನಿ. ಹಗ್ಗದ ಮೇಲೆ ಬೇರೆಯವರ ಮನೆಯ ಬಟ್ಟೆ. ಇದನ್ನೆಲ್ಲ ಸಹಪಾಠಿಗಳ ಪರದೆಯ ಮೇಲೆ ಬಿಚ್ಚಿಡಲು ಅವಳಿಗೂ ನಾಚಿಕೆ. ಇಬ್ಬರೂ ಒಂದೊಂದು ಕಡೆ ಮುಖ ಮರೆಸಿಕೊಂಡು ಕೂತಿದ್ದೆವಲ್ಲ ಎಂದು ಮೇಷ್ಟ್ರಿಗೆ ಆಗ ಅನ್ನಿಸಿತು.

"ನೀನು ಎಲ್ಲಿ ಕೂತು ಪಾಠ ಕೇಳ್ತೀಯ?"

ಅವಳು ತೋರಿಸಿದಳು. ತೂಗುಬಟ್ಟೆಗಳ ಹಿಂದೆ, ಗೋಡೆಗೂ ಅಕ್ಕಿಯ ಡಬ್ಬಕ್ಕೂ ನಡುವೆ, ಒಂದು ಗೋಣಿತಾಟಿನಷ್ಟು ಜಾಗ. ಮೇಷ್ಟ್ರು ಮಂಡಿ ಮಡಚಿ ಅಲ್ಲಿ ಕೂತರು. "ಸೋಮವಾರದ ಪಾಠದ ರೆಕಾರ್ಡಿಂಗ್ ಇರುತ್ತಂತಲ್ಲ. ಹಾಕು."

ತಮ್ಮ ಪಾಠವನ್ನು ಅವರು ಮೊದಲ ಬಾರಿಗೆ ಕೇಳುವವರ ಜಾಗದಿಂದ ಕಂಡರು. ಅಂಗೈಯಗಲದ ಪರದೆ. ಅದರಲ್ಲಿ ತಮ್ಮ ಬೆನ್ನು. ಅಕ್ಷರಗಳು ಇರುವೆ ಸಾಲಿನ ಹಾಗೆ. ಬೋರ್ಡಿನ ಎಡತುದಿ, ಅಂದರೆ ಲೆಕ್ಕ ಶುರುವಾಗುವ ಜಾಗವೇ, ಪರದೆಯ ಹೊರಗೆ. ತಿರುಗಿದಾಗಲೆಲ್ಲ ಮಾತು ಗುಳುಗುಳು. ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಯಾವ ಲೆಕ್ಕ ಅಂತ ನನಗೇ ತಿಳೀತಿಲ್ವಲ್ಲೇ," ಎಂದರು.

ಹುಡುಗಿಯ ತುಟಿಯಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

ತಾಯಿ ಬಟ್ಟೆ ಸರಿಸಿ ಇಣುಕಿದರು. "ಅದಕ್ಕೇ ಸರ್ ನಾನು ಅನ್ನೋದು. ಫೋನಲ್ಲಿ ಪಾಠ ಆಗೋ ಮಾತೇ ಅಲ್ಲ. ಸುಮ್ನೆ ಕಣ್ಣು ಹಾಳು."

"ಫೋನಿನ ತಪ್ಪಲ್ಲಮ್ಮ. ಬೋರ್ಡಿನ ಮುಂದೆ ಮಾಡಿದ್ದನ್ನೇ ಫೋನಿನ ಮುಂದೆಯೂ ಮಾಡಿದ್ದು ನನ್ನ ತಪ್ಪು. ದೊಡ್ಡದಾಗಿ, ನಾಲ್ಕೇ ಸಾಲು ಬರೀಬೇಕು. ಹತ್ತು ನಿಮಿಷಕ್ಕೊಂದು ಸಲ ನಿಲ್ಲಿಸಿ ಮಕ್ಕಳು ಬರೆದಿದ್ದನ್ನ ಓದ್ಬೇಕು. ತಿಳೀದೇ ಇದ್ದದ್ದನ್ನ ಶಾಲೆಗೆ ಬಂದ ದಿನ ಕೂತು ಬಿಡಿಸ್ಬೇಕು. ಮನೇಲಿ ಗಲಾಟೆ ಇದ್ದ ಮಕ್ಕಳು ಆಮೇಲೆ ಈ ರೆಕಾರ್ಡಿಂಗ್ ಹಾಕ್ಕೊಂಡು ಕೇಳಬಹುದು, ಎಷ್ಟು ಸಲ ಬೇಕಾದ್ರೂ. ಬೋರ್ಡಲ್ಲಿ ನಾನು ಅಳಿಸಿದ್ರೆ ಅಳಿಸಿದ್ದೇ." ಮಂಡಿ ಹಿಡಿದು ಎದ್ದರು. "ಇದನ್ನೆಲ್ಲ ನನಗೂ ನಿನ್ನೆ ಹೇಳಿಕೊಟ್ರು. ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ."

ತಂದೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿದರು. "ಪಾಠ ಎಷ್ಟು ಹೊತ್ತು ಸರ್?"

"ನಲವತ್ತು ನಿಮಿಷ."

"ಆ ಹೊತ್ತಲ್ಲಿ ಅವಳ ಕೈಗೆ ಮಡಚೋಕೆ ಬಟ್ಟೆ ಕೊಡ್ತಿದ್ವಿ. ಕೂತೇ ಇರ್ತಾಳಲ್ಲ ಅಂತ."

ಗುರುವಾರ ಪಾಠದ ಹೊತ್ತಿಗೆ ಮೇಷ್ಟ್ರು ಮೊದಲಿಗೆ ಸೀಮೆಸುಣ್ಣ ಮುಟ್ಟಲಿಲ್ಲ. ಕ್ಯಾಮೆರಾದ ಎದುರಿಗೆ ಕೂತರು.

"ಮಕ್ಕಳೇ, ಹನ್ನೊಂದು ವಾರದಿಂದ ನೀವು ಬರೆದ ಯಾವ ಪ್ರಶ್ನೆಯನ್ನೂ ನಾನು ಓದಿಲ್ಲ. ಅವನ್ನ ತೆರೆದು ಓದೋಕೆ ನನಗೆ ಬರ್ತಿರಲಿಲ್ಲ. ಬರಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಕೇಳಲ್ಲ ಅಂತ ನಿಮ್ಮನ್ನೇ ಬೈದೆ. ಒಬ್ಬಳಿಗೆ ಅಡ್ಡಹೆಸರನ್ನೂ ಇಟ್ಟೆ. ಆ ಹೆಸರು ಇವತ್ತಿಗೆ ಮುಗೀತು, ಯಾರೂ ಕರೀಬೇಡಿ. ಯಾವ ಪಾಠದಿಂದ ತಿಳಿದಿಲ್ಲ ಅಂತ ಈಗ ಬರೀರಿ. ಕ್ಯಾಮೆರಾ ಬೇಡ, ಮೈಕ್ ಬೇಡ. ನಾನು ಕಾಯ್ತೀನಿ."

ಪರದೆ ಖಾಲಿಯಾಗಿತ್ತು. ಒಂದು ನಿಮಿಷ. ಎರಡು ನಿಮಿಷ. ಪಾಠದಲ್ಲಿ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಅವರಿಗೆ ಅವತ್ತು ಗೊತ್ತಾಯಿತು. ಆಮೇಲೆ ಒಂದು ಸಾಲು ಬಂತು, ತರಗತಿಗೇ ಮೊದಲಿಗನಾದ ಹುಡುಗನದ್ದು. 'ಸರ್, ನನಗೂ ಮೂರನೇ ಪಾಠದಿಂದ ತಿಳಿದಿಲ್ಲ. ನೋಟ್ಸ್ ಬಾಯಿಪಾಠ ಮಾಡಿದ್ದೆ.' ಅದರ ಹಿಂದೆಯೇ ಸಾಲುಸಾಲಾಗಿ ಬರತೊಡಗಿದವು. ಮೂವತ್ತೆಂಟು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ಬರೆದರು. ಅವರಲ್ಲಿ ಇಸ್ತ್ರಿ ಅಂಗಡಿಯ ಹುಡುಗಿ ಇರಲಿಲ್ಲ. ಪಾಠಕ್ಕೆ ಸೇರಿದವರ ಪಟ್ಟಿಯಲ್ಲಿ ಅವಳ ಹೆಸರೇನೋ ಇತ್ತು. ಅಷ್ಟೇ ಇತ್ತು. ಮೇಷ್ಟ್ರು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಪುಟ ಅರವತ್ನಾಲ್ಕರ ಎರಡನೇ ಲೆಕ್ಕವನ್ನು ದೊಡ್ಡಕ್ಷರದಲ್ಲಿ ಬರೆದು, ಮೈನಸ್ ಯಾಕೆ ಪ್ಲಸ್ ಆಗುತ್ತದೆ ಎಂಬುದೊಂದನ್ನೇ ಆ ದಿನದ ಪಾಠವಿಡೀ ಹೇಳಿದರು.

ಶನಿವಾರ ಬೆಳಿಗ್ಗೆ ತಾಯಿ ಕಚೇರಿಗೆ ಬಂದಾಗ ಮೇಷ್ಟ್ರು ಅಲ್ಲೇ ಇದ್ದರು. ಹೆಡ್‌ಮಿಸ್ ಅರ್ಜಿಗಾಗಿ ಕೈ ಚಾಚಿದರು.

"ಅರ್ಜಿ ತಂದಿಲ್ಲ ಮೇಡಂ," ಎಂದರು ತಾಯಿ. "ನಿನ್ನೆ ಸಂಜೆ ನನ್ನ ಕೂರಿಸ್ಕೊಂಡು ಆ ರೆಕಾರ್ಡಿಂಗ್ ತೋರಿಸಿದ್ಲು. ಮೈನಸ್ ಯಾಕೆ ಪ್ಲಸ್ ಆಗುತ್ತೆ ಅಂತ ನನಗೇ ಪಾಠ ಮಾಡಿದ್ಲು. ನನಗೇನು ತಿಳೀತು ಬಿಡಿ. ಅವಳಿಗೆ ತಿಳಿದಿದೆ ಅನ್ನೋದು ತಿಳೀತು. ಹೆಸರು ಹಾಗೇ ಇರಲಿ." ಬಾಗಿಲವರೆಗೆ ಹೋದವರು ಮೇಷ್ಟ್ರ ಮುಂದೆ ನಿಂತರು. "ಇನ್ನೊಂದು ಸಲ ನನ್ನ ಮಗಳ ವಿಷಯ ಹೇಳೋ ಮುಂಚೆ ಅವಳನ್ನೂ ಒಂದು ಮಾತು ಕೇಳಿ ಸರ್."

"ಕೇಳ್ತೀನಮ್ಮ," ಎಂದರು ಮೇಷ್ಟ್ರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಹಿರಿಯರೇ, ಮಕ್ಕಳೇ. ನೀವು ಕಲಿಸುವವರಾಗಿದ್ದರೆ ಒಂದು ಸಲ ನಿಮ್ಮ ಪಾಠವನ್ನು ಇನ್ನೊಬ್ಬರ ಫೋನಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ ಕೂತು ನೋಡಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಅವರು ಬರೆದದ್ದನ್ನು ಓದಿ. ನೀವು ಕಲಿಯುವವರಾಗಿದ್ದರೆ, ಫೋನಿನಲ್ಲಿ ಉತ್ತರ ಬರದಿದ್ದಾಗ ನಿಮ್ಮ ಪ್ರಶ್ನೆಯೇ ದಡ್ಡದು ಎಂದುಕೊಳ್ಳಬೇಡಿ. ಶಾಲೆಗೆ ಹೋದ ದಿನ ಪುಟದ ಸಂಖ್ಯೆ ಸಮೇತ ಚೀಟಿಯಲ್ಲಿ ಬರೆದು ಕೈಗೆ ಕೊಡಿ. ಮನೆಯವರೇ, ಆ ನಲವತ್ತು ನಿಮಿಷ ಮಗುವಿನ ಕೈಗೆ ಕೆಲಸ ಕೊಡಬೇಡಿ, ಅದೂ ತರಗತಿಯೇ. ಇನ್ನು ಯಾವುದಾದರೂ ಗುಂಡಿ ಏತಕ್ಕೆಂದು ತಿಳಿಯದೆ ನೀವು ಯಾರಿಗೂ ಹೇಳದೆ ದಿನ ದೂಡುತ್ತಿದ್ದರೆ, ನಿಮ್ಮ ಎದುರಿನ ಪರದೆಯಾಚೆ ಯಾರೋ ಒಬ್ಬರು ಕಾಯುತ್ತಿರಬಹುದು. ನಾಚಿಕೆಯಾದರೂ ಸರಿ, ಇವತ್ತೇ ಪಕ್ಕದವರನ್ನು ಕೇಳಿ: "ನನಗೆ ಇದು ಬರಲ್ಲ, ಸ್ವಲ್ಪ ತೋರಿಸ್ತೀರಾ?"